ಎರಡು ಸೀಟಿನ ಗಾಡಿಗೊಂದು ಡೈನಮೋ

ಕಕ್ಕೇರಾ
8 ನವೆಂಬರ್ 2023

ಫಕ್ರು ಆಟೋ ಎಲೆಕ್ಟ್ರಿಕಲ್ಸ್ ಮಾಲೀಕರಾದ ಫಕ್ರುದ್ದೀನ ಅವರಿಗೆ,
ಹಳೇ ಬಸ್ ಸ್ಟ್ಯಾಂಡ್ ಹಿಂದೆ, ಶಹಾಪುರ.

ಸಲಾಂ.

ಬಸ್ಸಿನಲ್ಲಿ ಬಂದ ಸಾಮಾನಿನ ಜೊತೆ ಅದರ ಪೂರ್ತಿ ಕಥೆ ಬರೆದ ಚೀಟಿ ಇರದಿದ್ದರೆ ನಿಮ್ಮ ಅಂಗಡಿಯಲ್ಲಿ ಅದಕ್ಕೆ ಕೈ ಹಚ್ಚುವುದಿಲ್ಲ. ಹನ್ನೆರಡು ವರ್ಷ ನಿಮ್ಮ ಹೆಂಡತಿಯಾಗಿದ್ದು ಇಷ್ಟಾದರೂ ಕಲಿತಿದ್ದೇನೆ. ಫೋನಿನಲ್ಲಿ "ಗಾಡಿ ಕಿರ್ರ್ ಅನ್ನಾಕತ್ತದ್ರಿ" ಎನ್ನುವ ಗಿರಾಕಿಗಳಿಗೆ ನೀವು "ಬರದು ಕಳಸ್ರಿ, ಬರಿಯೋದ್ರಾಗ ಅರ್ಧ ಬ್ಯಾನಿ ನಿಮಗೇ ತಿಳೀತದ" ಎನ್ನುವುದನ್ನು ಎಷ್ಟು ಸಲ ಕೇಳಿದ್ದೇನೋ. ಅದಕ್ಕೇ ಬರೆಯುತ್ತಿದ್ದೇನೆ. ನೀವು ಫೋನ್ ಮಾಡಿದರೆ ನಾನು ಎತ್ತುವುದಿಲ್ಲ, ಅದು ಬೇರೆ ಮಾತು.

ಚೀಲದಲ್ಲಿರುವ ಡೈನಮೋ ನನ್ನ ಗಾಡಿಯದು. ಎರಡೇ ಸೀಟಿನ, ಟಾಪು ಬಿಚ್ಚುವ ಹಳದಿ ಸ್ಪೋರ್ಟ್ಸ್ ಕಾರು. ಹತ್ತಿ ವ್ಯಾಪಾರಿಯೊಬ್ಬರ ಮಗ ಷೋಕಿಗೆ ತಂದು ಬೇಸರವಾಗಿ ಬಿಟ್ಟದ್ದನ್ನು, ಅವರಲ್ಲಿ ಡ್ರೈವರ್ ಆಗಿದ್ದ ನನ್ನ ಅಬ್ಬಾ ಲಾಡ್ಲೇಸಾಬ ಕೊಂಡುಕೊಂಡರು. ನನಗೆ ಓಡಿಸಲು ಕಲಿಸಿದ್ದೂ, ಪಾನಾ ಹಿಡಿದು ಬೋಲ್ಟು ತಿರುಗಿಸಲು ಕಲಿಸಿದ್ದೂ ಇದೇ ಗಾಡಿಯ ಮೇಲೆ. ಸಾಯುವ ಮೊದಲು ನನ್ನ ಹೆಸರಿಗೆ ಮಾಡಿಸಿದರು. ನಿಮಗೆ ಗೊತ್ತಿರುವುದನ್ನೇ ಯಾಕೆ ಬರೆಯುತ್ತೇನೆಂದರೆ, ಗೊತ್ತಿದ್ದವರ ಹಾಗೆ ನೀವು ನಡೆದುಕೊಳ್ಳಲಿಲ್ಲ. ಧಾಬಾದ ಅಯ್ಯಣ್ಣನಿಗೆ ಗಾಡಿ ಕೊಡುತ್ತೇನೆಂದು ಚಹಾದಂಗಡಿಯಲ್ಲಿ ಹತ್ತು ಮಂದಿಯ ಮುಂದೆ ಮಾತು ಕೊಟ್ಟಿರಿ. ಅವನು ಅದಕ್ಕೆ ಲೈಟಿನ ಸರ ಸುತ್ತಿ ಗೇಟಿನಲ್ಲಿ ನಿಲ್ಲಿಸುತ್ತಾನಂತೆ, ಊಟಕ್ಕೆ ಬಂದವರು ಸೆಲ್ಫಿ ತೆಗೆಸಿಕೊಳ್ಳುತ್ತಾರಂತೆ. ನನ್ನನ್ನು ಒಂದು ಮಾತು ಕೇಳಲಿಲ್ಲ. ಮರುದಿನವೇ ನಾನು ಗಾಡಿ ಓಡಿಸಿಕೊಂಡು ತವರಿಗೆ ಬಂದೆ.

ದಾರಿಯಲ್ಲಿ ಏನೂ ತೊಂದರೆಯಾಗಲಿಲ್ಲ. ಇಲ್ಲಿಗೆ ಬಂದ ಮೇಲೆ ಬ್ಯಾಟರಿ ಸತ್ತಿತು. ನೂಕಿಸಿ ಚಾಲೂ ಮಾಡಿ, ಅಬ್ಬಾನ ಮೀಟರ್ ಹಚ್ಚಿ ನೋಡಿದರೆ ಚಾರ್ಜ್ ಇಲ್ಲ. ರಿಪೇರಿಯಾದರೆ ಮಾಡಿ, ಆಗದಿದ್ದರೆ ಇದಕ್ಕೆ ಹೊಂದುವ ಬೇರೆಯದನ್ನು ಹುಡುಕಿ.

ತಡ ಮಾಡಬೇಡಿ. ಯಾದಗಿರಿಯಲ್ಲಿ ಹೆಂಗಸರಿಗೆ ಡ್ರೈವಿಂಗ್ ಕಲಿಸುವ ಕೇಂದ್ರವೊಂದರಲ್ಲಿ ನನಗೆ ಕೆಲಸ ಸಿಕ್ಕಿದೆ. ಡಿಸೆಂಬರ್ ಹದಿನೆಂಟು, ಸೋಮವಾರ ಸೇರಬೇಕು. ಡ್ರೈವಿಂಗ್ ಕಲಿಸುವವಳು ಬಸ್ಸಿನಿಂದ ಇಳಿದು ಹೋಗುವುದಿಲ್ಲ. ಇದೇ ಗಾಡಿಯಲ್ಲಿ ಹೋಗುತ್ತೇನೆ, ಅಲ್ಲೇ ಮನೆ ಮಾಡುತ್ತೇನೆ. ಯಾದಗಿರಿಯ ದಾರಿ ಶಹಾಪುರದ ಮೇಲೆಯೇ ಹೋಗುತ್ತದೆ, ಅದು ನಾನು ಹಾಕಿದ ದಾರಿಯಲ್ಲ. ನಿಲ್ಲಿಸುವುದಿಲ್ಲ.

ಈ ಸೀಮೆಯಲ್ಲಿ ನಿಮ್ಮಷ್ಟು ಡೈನಮೋ ಗೊತ್ತಿದ್ದವರು ಬೇರೆ ಯಾರೂ ಇಲ್ಲ. ಇದು ಹೊಗಳಿಕೆಯಲ್ಲ, ಇದ್ದ ಸಂಗತಿ.

ನಿಮ್ಮ ಗಿರಾಕಿ,
ಸಾಬೇರಾ


ಶಹಾಪುರ
10 ನವೆಂಬರ್ 2023

ಗಿರಾಕಿ ಸಾಬೇರಾ ಬೇಗಂ ಅವರಿಗೆ,

ಸಲಾಂ. ಚೀಟಿ ಮುಟ್ಟಿತು. ಅದರಲ್ಲಿ ಡೈನಮೋಕ್ಕೆ ಸಂಬಂಧಿಸಿದ ಸಾಲು ಮೂರು, ಉಳಿದದ್ದೆಲ್ಲ ಡೈನಮೋದ ಮಾಲೀಕರದು. ಇರಲಿ, ಎಲ್ಲವನ್ನೂ ಓದಿದ್ದೇನೆ.

ಬಿಚ್ಚಿ ನೋಡಿದೆ. ಒಳಗಿನ ಸುರುಳಿ ಸುಟ್ಟು ಕರಕಲಾಗಿದೆ. ಇದಕ್ಕೆ ಮರುಜನ್ಮವಿಲ್ಲ. ಗಾಡಿ ಮಾಡಿದ ಕಂಪನಿಯೇ ಮುಚ್ಚಿ ವರ್ಷಗಳಾದವು, ಹೊಸದು ಯಾವ ಊರಿನಲ್ಲೂ ಸಿಗದು. ಬೇರೆ ಗಾಡಿಯದನ್ನು ತಂದು ಕೂಡಿಸಬೇಕು. ಸಂಬಂಧ ನೋಡಿದ ಹಾಗೆಯೇ ಇದೂ. ಬೋಲ್ಟು ಹಾಕುವ ಕಿವಿ ಹೊಂದಬೇಕು, ಬೆಲ್ಟು ಕೂಡುವ ಪುಲ್ಲಿ ಹೊಂದಬೇಕು, ತಿರುಗುವ ದಿಕ್ಕು ಒಂದೇ ಆಗಿರಬೇಕು, ಆಮೇಲೆ ವೈರು. ಮೂರು ಹೊಂದಿ ಒಂದು ಹೊಂದದಿದ್ದರೂ ಸಂಸಾರ ಸಾಗದು. ಫಕ್ರುವಿಗೆ ಸಿಗದ ಡೈನಮೋ ಇನ್ನೂ ಹುಟ್ಟಿಲ್ಲ, ಚಿಂತೆ ಬೇಡ. ಅಂಗಡಿಯಲ್ಲೇ ಇದ್ದ ವ್ಯಾನಿನದೊಂದನ್ನು ಕಳಿಸಿದ್ದೇನೆ. ಕಣ್ಣಳತೆಗೆ ಸರಿಯಾಗಿದೆ. ನನ್ನ ಕಣ್ಣಳತೆ ನಿಮಗೆ ಗೊತ್ತು.

ಅಯ್ಯಣ್ಣನ ವಿಷಯ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಾಡಿ ಶೆಡ್ಡಿನಲ್ಲಿ ಧೂಳು ತಿನ್ನುವುದಕ್ಕಿಂತ ನಾಲ್ಕು ಮಂದಿ ನೋಡುವ ಜಾಗದಲ್ಲಿರಲಿ ಎಂದು ಹೇಳಿದೆ. ಒಳ್ಳೆಯದಕ್ಕೇ ಹೇಳಿದೆ. ನಿಮಗೆ ಅದು ಈಗಲ್ಲದಿದ್ದರೆ ಮುಂದೆ ತಿಳಿಯುತ್ತದೆ.

ಇನ್ನು, ಶಹಾಪುರದಲ್ಲಿ ನಿಲ್ಲಿಸುವುದಿಲ್ಲ ಎಂದು ಬರೆದಿದ್ದೀರಿ. ಊರಿಗೆ ಬಂದವಳು ನೀರಿಗೆ ಬಾರದಿರುವಳೇ.

ಮನೆಯಲ್ಲಿ ಎಲ್ಲ ಸರಿಯಿದೆ. ಜೋಳದ ಹಿಟ್ಟಿನ ಡಬ್ಬಿ ಯಾವುದೆಂದು ಗೊತ್ತಾಯಿತು. ರೊಟ್ಟಿ ಬಡಿಯುವುದು ಮಾತ್ರ ತಂತಿ ಸುತ್ತುವ ವೈಂಡಿಂಗ್‌ಗಿಂತ ಕಷ್ಟದ ಕೆಲಸ.

ಫಕ್ರುದ್ದೀನ
ಮಾಲೀಕರು


ಕಕ್ಕೇರಾ
14 ನವೆಂಬರ್ 2023

ಮಾಲೀಕರಿಗೆ,

ಸಲಾಂ. ನಿಮ್ಮ ಕಣ್ಣಳತೆಯನ್ನು ಅದೇ ಚೀಲದಲ್ಲಿ ಹಾಕಿ ವಾಪಸ್ ಕಳಿಸಿದ್ದೇನೆ. ಕೆಳಗಿನ ಕಿವಿ ಒಂದು ಬೆರಳು ದಪ್ಪ. ಹೇಗೋ ವಾಶರ್ ಕೊಟ್ಟು ಕೂಡಿಸಿದರೆ ಪುಲ್ಲಿ ಒಂದು ಕಡೆ, ಬೆಲ್ಟು ಒಂದು ಕಡೆ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಚಾಲೂ ಮಾಡಿದ ಕೂಡಲೇ ಬೆಲ್ಟು ಎಂಥಾ ಚೀರಿತೆಂದರೆ ಓಣಿಯವರೆಲ್ಲ ಹೊರಗೆ ಬಂದರು.

ನಾನು ಗಾಡಿ ಕೆಳಗೆ ಮಲಗಿದ್ದೆ. ಅಮ್ಮಿ ಬಾಗಿಲಲ್ಲಿ ಕೂತು ಬಂದವರಿಗೆಲ್ಲ ಹೇಳುತ್ತಿದ್ದಳು: "ಗಂಡನ ಮ್ಯಾಲಿನ ಸಿಟ್ಟು ನೋಡ್ರಿ, ಬೋಲ್ಟಿನ ಮ್ಯಾಲೆ ತೀರ್ಸಾಕತ್ತ್ಯಾಳ." ಆಕೆ ಮೊದಲಿನಿಂದಲೂ ನಿಮ್ಮ ಪಾರ್ಟಿ. ಬಸ್ಸಿನ ಕಂಡಕ್ಟರ್ ಭೀಮುವಿನದು ಇನ್ನೊಂದು ತರಹ. ಲಗೇಜು ಟಿಕೆಟ್ ಹರಿದು ಕೊಡುತ್ತ, "ಅಕ್ಕಾ, ಈ ಚೀಲದಾಗ ಕಬ್ಬಿಣ ಅದನೋ ಜಗಳ ಅದನೋ, ಭಾಳ ವಜ್ಜಿ ಅದ ನೋಡ್ರಿ" ಎಂದ. ನೀವು ಅವನಿಗೆ ಏನೇನು ಹೇಳಿದ್ದೀರೋ.

ಕಣ್ಣಳತೆ ಸಾಕು. ಗಾಡಿಯ ಬ್ರಾಕೆಟ್ಟಿಗೆ ಗ್ರೀಸ್ ಬಳಿದು, ಮನೆಯಲ್ಲಿದ್ದ ಒಂದು ಮದುವೆ ಕಾರ್ಡನ್ನು ಅದರ ಮೇಲೆ ಒತ್ತಿ ಅಚ್ಚು ತೆಗೆದಿದ್ದೇನೆ. ತೂತಿನಿಂದ ತೂತಿಗೆ ಇರುವ ಅಂತರ, ಕಿವಿಯ ದಪ್ಪ, ಎಲ್ಲ ಅದರಲ್ಲಿದೆ. ಬೆಲ್ಟಿನ ಗೆರೆಯನ್ನು ದಾರ ಹಿಡಿದು ಗುರುತು ಮಾಡಿದ್ದೇನೆ. ಹೀಗೆ ಅಚ್ಚು ತೆಗೆಯುವುದನ್ನು ಅಬ್ಬಾ ಕಲಿಸಿದ್ದು, ನೀವಲ್ಲ.

ಒಳ್ಳೆಯದಕ್ಕೇ ಹೇಳಿದೆ ಎಂದಿದ್ದೀರಿ. ನಿಮ್ಮ ಅಂಗಡಿಯ ಬೋರ್ಡನ್ನು ನಾನು ನಿಮಗೆ ತಿಳಿಸದೆ ಕಬಾಬಿನವನಿಗೆ ಒಲೆ ಮುಚ್ಚಲು ಕೊಟ್ಟು, ಒಳ್ಳೆಯದಕ್ಕೇ ಕೊಟ್ಟೆ ಎಂದರೆ ಹೇಗಿರುತ್ತದೆ, ಒಂದು ಸಲ ಕೂತು ಯೋಚಿಸಿ.

ರೊಟ್ಟಿಗೆ ಹಿಟ್ಟು ಬಿಸಿ ನೀರಿನಲ್ಲಿ ಕಲಸಬೇಕು. ಗಿರಾಕಿಯಾಗಿ ಅಲ್ಲ, ಜೋಳದ ಮೇಲಿನ ಮರುಕದಿಂದ ಬರೆದೆ.

ಸಾಬೇರಾ


ಶಹಾಪುರ
18 ನವೆಂಬರ್ 2023

ಸಾಬೇರಾ,

ಸಲಾಂ. ಅಚ್ಚು ನೋಡಿದೆ. ಲಾಡ್ಲೇಸಾಬ ಮಾವ ಇದ್ದಿದ್ದರೆ ಅವರ ಕೈ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆ. ಅಷ್ಟು ಚೊಕ್ಕವಾಗಿದೆ. ಅದನ್ನೇ ಜೇಬಿನಲ್ಲಿಟ್ಟುಕೊಂಡು ಅಂಗಡಿ ಮುಚ್ಚಿ ಯಾದಗಿರಿಗೆ ಹೋದೆ. ಮುನಾವರನ ಗುಜರಿಯಲ್ಲಿ ಡೈನಮೋಗಳ ರಾಶಿಯೇ ಇದೆಯಲ್ಲ, ಒಂದೊಂದಕ್ಕೂ ಕಾರ್ಡು ಹಿಡಿದು ನೋಡುತ್ತ ಹೋದೆ. ಮುನಾವರ ದೂರದಿಂದಲೇ, "ಏನೋ ಭಾಯಿ, ಕಾರ್ಡು ಹಿಡ್ಕೊಂಡು ಯಾರ ಮದುವಿಗಿ ಕರಿಯಾಕ ಬಂದಿ" ಎಂದ. "ನಂದೇ ಮದುವಿ, ಎರಡನೇ ಸಲ, ಅದೇ ಹೆಣ್ಣು" ಎಂದೆ. ಅವನು ನಗಲಿಲ್ಲ. ವಿಷಯ ಅಲ್ಲಿಯ ತನಕ ಹೋಗಿದೆ ಎಂದಾಯಿತು.

ಸಂಜೆಯ ಹೊತ್ತಿಗೆ ಸಿಕ್ಕಿತು. ಒಂದು ಸಣ್ಣ ಕಾರಿನದು. ಕಿವಿಯ ತೂತು ಅಚ್ಚಿನ ಮೇಲೆ ಕೂದಲೆಳೆ ತಪ್ಪದೆ ಕೂತಿತು. ತಿರುಗುವ ದಿಕ್ಕೂ ಅದೇ. ಪುಲ್ಲಿ ಮಾತ್ರ ಬೇರೆ ಇತ್ತು, ನಿನ್ನ ಹಳೆಯ ಡೈನಮೋದ ಪುಲ್ಲಿ ಬಿಚ್ಚಿ ಇದಕ್ಕೆ ಹಾಕಿದ್ದೇನೆ. ಕಾರ್ಬನ್ನು, ಬೇರಿಂಗು ಹೊಸವು. ಮೇಜಿನ ಮೇಲೆ ಓಡಿಸಿ ನೋಡಿದೆ, ಹದಿನಾಲ್ಕು ವೋಲ್ಟು ಬರುತ್ತಿದೆ, ಅಲುಗಾಟವಿಲ್ಲ. ಇದೂ ಹೊಂದದಿದ್ದರೆ ಅಂಗಡಿಯ ಬೋರ್ಡು ನಾನೇ ಇಳಿಸುತ್ತೇನೆ, ಕಬಾಬಿನವನ ವರೆಗೆ ನೀನು ಹೊರಬೇಕಾಗಿಲ್ಲ.

ಹಾಕಿದ ಮೇಲೆ ನೋಡಬೇಕಾದದ್ದು ಒಂದೇ. ಎಂಜಿನ್ ಓಡುವಾಗ ಮೀಟರ್ ಬೋರ್ಡಿನ ಕೆಂಪು ದೀಪ ಹತ್ತಬಾರದು. ಹತ್ತದಿದ್ದರೆ ಚಾರ್ಜ್ ಆಗುತ್ತಿದೆ ಎಂದು ತಿಳಿ. ಅಲ್ಲಿಗೆ ಕೆಲಸ ಮುಗಿಯಿತು.

ಬರುವಾಗ ನಿನ್ನ ಕೇಂದ್ರದ ಮುಂದೆ ಹಾದು ಬಂದೆ. ಕೆಲಸವಿತ್ತು ಆ ಕಡೆ. ಗೇಟಿನ ಪಕ್ಕ ಬೇವಿನ ಗಿಡ ಇದೆ, ಗಾಡಿಗೆ ನೆರಳಾಗುತ್ತದೆ. ಒಳಗೆ ಹೋಗಲಿಲ್ಲ.

ಫಕ್ರು


ಕಕ್ಕೇರಾ
22 ನವೆಂಬರ್ 2023

ಮಾಲೀಕರಿಗೆ,

ಸಲಾಂ. ಡೈನಮೋ ತನ್ನದೇ ಮನೆಗೆ ಬಂದಂತೆ ಬಂದು ಕೂತಿತು. ವಾಶರೂ ಬೇಕಾಗಲಿಲ್ಲ, ಬೆಲ್ಟೂ ಚೀರಲಿಲ್ಲ. ಅಮ್ಮಿ, "ಅಂವ ಮಾತಿನ್ಯಾಗ ತಪ್ಪ್ಯಾನ, ಕೆಲಸದಾಗ ತಪ್ಪಿಲ್ಲ" ಎಂದು ಬಾಯಿಗೆ ಸಕ್ಕರೆ ಹಾಕಿದಳು. ಗಾಡಿಯ ಬಾಯಿಗೆ ಹಾಕಲಾಗುವುದಿಲ್ಲವಲ್ಲ, ನನ್ನ ಬಾಯಿಗೆ.

ಬ್ಯಾಟರಿಯನ್ನು ಊರಲ್ಲೇ ಚಾರ್ಜ್ ಮಾಡಿಸಿ ಹಾಕಿ, ಖುಷಿಯಾಗಿ ನಾರಾಯಣಪುರದ ಡ್ಯಾಮಿನ ತನಕ ಹೋದೆ. ಟಾಪು ಬಿಚ್ಚಿದ್ದೆ. ಕಾಲುವೆ ಪಕ್ಕ ಭತ್ತ ಕೊಯ್ಯುತ್ತಿದ್ದವರು ಕುಡುಗೋಲು ನಿಲ್ಲಿಸಿ ನೋಡಿದರು. ಬರುವಾಗ ಹಾರ್ನು ಒತ್ತಿದರೆ ಕುರಿಮರಿಯ ದನಿ. ಊರು ಮುಟ್ಟುವ ಮೊದಲೇ ಗಾಡಿ ನಿಂತಿತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿಕೊಂಡು ಓಣಿಗೆ ಬಂದೆ. ಯಾರು ಯಾರು ನೋಡಿದರು ಎಂದು ಬರೆಯುವುದಿಲ್ಲ, ಎಲ್ಲರೂ ನೋಡಿದರು.

ನೀವು ಹೇಳಿದ ಕೆಂಪು ದೀಪ ಹೋಗುವಾಗಲೂ ಹತ್ತಲಿಲ್ಲ, ಬರುವಾಗಲೂ ಹತ್ತಲಿಲ್ಲ. ಇದು ಸತ್ಯ. ಮುಂದೇನು, ತಿಳಿಸಿ.

ಸಾಬೇರಾ


ಶಹಾಪುರ
25 ನವೆಂಬರ್ 2023

ಸಾಬೇರಾ,

ದೀಪ ಹತ್ತಿಲ್ಲ ಎಂದರೆ ಡೈನಮೋ ಚೆನ್ನಾಗಿದೆ, ಚಾರ್ಜ್ ಕೊಡುತ್ತಿದೆ. ಕೊಟ್ಟದ್ದನ್ನು ಇಟ್ಟುಕೊಳ್ಳುವ ಯೋಗ್ಯತೆ ಬ್ಯಾಟರಿಗಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ. ಹೊಸ ಬ್ಯಾಟರಿ ಚಾರ್ಜ್ ಮಾಡಿ ಭೀಮುವಿನ ಕೈಯಲ್ಲಿ ಕಳಿಸಿದ್ದೇನೆ. ಅವನು ಸೀಟಿನ ಕೆಳಗೆ ಇಡುವುದಿಲ್ಲವೆಂದು ಹಟ ಮಾಡಿದ, ತನ್ನ ಕಾಲ ಬಳಿಯೇ ಇಟ್ಟುಕೊಂಡಿದ್ದಾನೆ.

ಇದರಲ್ಲೂ ಆಗದಿದ್ದರೆ ಒಂದು ಕೆಲಸ ಮಾಡು. ಯಾವುದಾದರೂ ಲಾರಿಯ ಮೇಲೆ ಗಾಡಿಯನ್ನೇ ಶಹಾಪುರಕ್ಕೆ ಕಳಿಸು. ನನ್ನ ಕಣ್ಣ ಮುಂದೆ ಇದ್ದರೆ ಅರ್ಧ ಗಂಟೆಯ ಕೆಲಸ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗೆ ತಪ್ಪನ್ನು ಡೈನಮೋದ ಮೇಲೆ ಮಾತ್ರ ಹಾಕಬೇಡ.

ಫಕ್ರು


ಕಕ್ಕೇರಾ
30 ನವೆಂಬರ್ 2023

ಫಕ್ರುದ್ದೀನ ಅವರಿಗೆ,

ಹೊಸ ಬ್ಯಾಟರಿಯೂ ಸತ್ತಿತು. ಈ ಸಲ ನಾನು ದೂರ ಹೋಗಲಿಲ್ಲ, ಮನೆಯ ಮುಂದೆಯೇ ಎಂಜಿನ್ ಓಡಿಸಿ ಮೀಟರ್ ಹಚ್ಚಿ ನೋಡಿದೆ. ನಿಮ್ಮ ಡೈನಮೋ ಹದಿನಾಲ್ಕು ಕೊಡುವುದಿರಲಿ, ಏನೂ ಕೊಡುತ್ತಿಲ್ಲ. ಸುಮ್ಮನೆ ತಿರುಗುತ್ತಿದೆ.

ಗಾಡಿಯನ್ನು ಲಾರಿಯ ಮೇಲೆ ಕಳಿಸು ಎಂದಿರಿ. ಆಗ ನನಗೆ ಎಲ್ಲ ತಿಳಿಯಿತು. ಗಾಡಿ ಶಹಾಪುರಕ್ಕೆ ಬಂದರೆ ಅಲ್ಲಿಂದ ಅಯ್ಯಣ್ಣನ ಗೇಟು ಎಷ್ಟು ದೂರ. ನಾನು ಯಾದಗಿರಿಗೆ ಹೋಗುವುದು ನಿಮಗೆ ಬೇಕಾಗಿಲ್ಲ, ಅದಕ್ಕೇ ಡಿಸೆಂಬರ್ ಹದಿನೆಂಟು ದಾಟುವ ತನಕ ಸತ್ತ ಸಾಮಾನು ಕಳಿಸುತ್ತಿದ್ದೀರಿ.

ನೀವು ನನ್ನನ್ನು ಕೇಳದೆ ಮಾತು ಕೊಟ್ಟ ದಿನ ನನಗೆ ಸಿಟ್ಟು ಬಂದಿತ್ತು. ಇವತ್ತು ಸಿಟ್ಟಲ್ಲ, ದುಃಖವಾಗಿದೆ. ಗಂಡನ ಮೇಲಿನ ನಂಬಿಕೆ ಹೋದರೂ ಈ ಮನುಷ್ಯನ ಕೆಲಸದ ಮೇಲಿನ ನಂಬಿಕೆ ಹೋಗುವುದಿಲ್ಲ ಎಂದುಕೊಂಡಿದ್ದೆ. ಅದನ್ನೂ ಕಳೆದಿರಿ.

ಡೈನಮೋ ವಾಪಸ್ ಕಳಿಸಿದ್ದೇನೆ. ನೋಡಿ, ನೀವೇ ಹೇಳಿ.

ಸಾಬೇರಾ


ಕಕ್ಕೇರಾ
6 ಡಿಸೆಂಬರ್ 2023

ಫಕ್ರುದ್ದೀನ ಅವರಿಗೆ,

ಭೀಮು ದಿನಾ ಖಾಲಿ ಕೈಯಲ್ಲಿ ಬರುತ್ತಿದ್ದಾನೆ. ಇವತ್ತು ನಾನು ಕೇಳುವ ಮೊದಲೇ, "ಇಲ್ಲರಿ ಅಕ್ಕಾ, ಮಾಮಾ ಇನ್ನಾ ಬರ್ಯಾಕತ್ತೇನಿ ಅಂತ ಹೇಳ್ಯಾನ" ಎಂದ. ಎರಡು ಸಾಲಿನ ಉತ್ತರಕ್ಕೆ ಇಷ್ಟು ದಿನ ಬೇಕಾಗುವುದಿಲ್ಲ. ನಿಮ್ಮ ಉತ್ತರ ನನಗೆ ತಿಳಿಯಿತು.

ನಾನು ಬಸ್ಸಿನಲ್ಲೇ ಹೋಗಿ ಕೆಲಸಕ್ಕೆ ಸೇರುತ್ತೇನೆ. ಯಾದಗಿರಿಯಿಂದ ಬೇರೆ ಎಲೆಕ್ಟ್ರಿಷಿಯನ್‌ನನ್ನು ಕರೆತಂದು ಗಾಡಿ ಒಯ್ಯುತ್ತೇನೆ. ನನಗೆ ಕೈ ಇದೆ, ಕಾಲಿದೆ, ಲೈಸೆನ್ಸ್ ಇದೆ.

ಸಾಬೇರಾ


ಶಹಾಪುರ
9 ಡಿಸೆಂಬರ್ 2023

ಸಾಬೇರಾ,

ಈ ಉತ್ತರವನ್ನು ವಾರದ ಹಿಂದೆಯೇ ಕಳಿಸಬೇಕಾಗಿತ್ತು. ಯಾಕೆ ಕಳಿಸಲಿಲ್ಲ ಎಂದು ಕೊನೆಗೆ ಹೇಳುತ್ತೇನೆ. ಮೊದಲು ಡೈನಮೋ.

ನೀನು ವಾಪಸ್ ಕಳಿಸಿದ್ದನ್ನು ಮೇಜಿಗೆ ಹಚ್ಚಿದೆ. ಹದಿನಾಲ್ಕು ವೋಲ್ಟು. ಬಿಚ್ಚಿ ಮತ್ತೆ ಹಚ್ಚಿದೆ, ಮತ್ತೆ ಹದಿನಾಲ್ಕು. ಸಿಟ್ಟಿಗೆದ್ದು ನಿನಗೆ ಖಾರವಾಗಿ ಒಂದು ಪತ್ರ ಬರೆಯಲು ಕೂತೆ. ಡೈನಮೋ ಓಡುತ್ತಲೇ ಇರಲೆಂದು ಬಿಟ್ಟಿದ್ದೆ. ಊಟಕ್ಕೆ ಏಳುವಾಗ ಬಂದ್ ಮಾಡಿದೆ, ಊಟ ಮಾಡಿ ಬಂದು ಮತ್ತೆ ಚಾಲೂ ಮಾಡಿದರೆ ಏನೂ ಇಲ್ಲ. ನೀನು ಹೇಳಿದ ಹಾಗೆಯೇ ಸುಮ್ಮನೆ ತಿರುಗುತ್ತಿದೆ. ನೋಡಿದರೆ, ಪರೀಕ್ಷೆಗೆಂದು ನಾನು ವೈರಿಗೆ ಕಟ್ಟಿಕೊಂಡಿರುವ ಸಣ್ಣ ಬಲ್ಬು ಸುಟ್ಟಿತ್ತು. ಬೇರೆ ಬಲ್ಬು ಕಟ್ಟಿದೆ. ಡೈನಮೋ ಎದ್ದಿತು.

ನನ್ನ ಮೇಜಿನ ಮೇಲೆ ಆ ಬಲ್ಬು ಮಾಡುವ ಕೆಲಸವನ್ನು ಗಾಡಿಯಲ್ಲಿ ಮಾಡುವುದು ಆ ಕೆಂಪು ದೀಪವೇ. ಅದು ಬರೀ ಎಚ್ಚರಿಕೆಯ ದೀಪವಲ್ಲ. ಕೀಲಿ ತಿರುಗಿಸಿದಾಗ ಬ್ಯಾಟರಿಯ ಕರೆಂಟು ಅದರ ಮೂಲಕ ಹೋಗಿ ಡೈನಮೋವನ್ನು ಎಬ್ಬಿಸುತ್ತದೆ. ಎದ್ದ ಮೇಲೆ ದೀಪ ಆರುತ್ತದೆ. ಬಲ್ಬೇ ಇಲ್ಲದಿದ್ದರೆ ಎಬ್ಬಿಸುವವರೇ ಇಲ್ಲ. ನಾನು ಎಷ್ಟು ಡೈನಮೋ ಕಳಿಸಿದರೂ ಅದು ಮಲಗಿಯೇ ಇರುತ್ತದೆ. ನಿನ್ನ ಗಾಡಿಯಲ್ಲಿ ಆ ಬಲ್ಬು ಸುಟ್ಟಿದೆ, ಇಲ್ಲವೇ ಯಾರೋ ತೆಗೆದಿದ್ದಾರೆ.

ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಎಂಜಿನ್ ಚಾಲೂ ಆಗುವ ಮೊದಲು ದೀಪ ಹತ್ತುತ್ತದೆಯೋ ಎಂದು ನಿನ್ನನ್ನು ಕೇಳಿದ್ದರೆ ಒಂದೇ ಪತ್ರದಲ್ಲಿ ಮುಗಿಯುತ್ತಿತ್ತು. ನಾನು ಕೇಳಲಿಲ್ಲ. ಹತ್ತದಿದ್ದರೆ ಎಲ್ಲ ಚೆನ್ನಾಗಿದೆ ಎಂದು ನಾನೇ ಹೇಳಿ ಮುಗಿಸಿದೆ. ಮನೆಯಲ್ಲೂ ಹಾಗೆಯೇ ಮಾಡಿದ್ದೇನೆ. ನೀನು ಸುಮ್ಮನಿದ್ದ ದಿನಗಳನ್ನೆಲ್ಲ ಚೆನ್ನಾಗಿದ್ದ ದಿನಗಳು ಎಂದುಕೊಂಡೆ.

ಇನ್ನು ತಡದ ಮಾತು. ಬಲ್ಬಿನ ವಿಷಯ ತಿಳಿದ ದಿನವೇ ಪತ್ರ ಬರೆದೆ. ಭೀಮುವಿಗೆ ಕೊಡಲು ಬಸ್ ಸ್ಟ್ಯಾಂಡಿಗೂ ಹೋದೆ. ಕೊಡದೆ ಬಂದೆ. ಮರುದಿನವೂ ಅದೇ. ಗಾಡಿ ಸತ್ತಿರುವ ತನಕ ನಿನ್ನ ಪತ್ರ ಬರುತ್ತದೆ, ಎದ್ದರೆ ನೀನು ಯಾದಗಿರಿಗೆ ಹೋಗುತ್ತೀ. ಸತ್ತ ಸಾಮಾನು ಬೇಕೆಂದೇ ಕಳಿಸುತ್ತಿದ್ದೀರಿ ಎಂದು ನೀನು ಬರೆದದ್ದು ಸುಳ್ಳು, ಒಂದೂ ಹಾಗೆ ಕಳಿಸಿಲ್ಲ. ಆದರೆ ಈ ವಾರ ನಾನು ಮಾಡಿದ್ದು ಅದೇ ಜಾತಿಯ ಕೆಲಸ. ನಿನ್ನ ಆರನೇ ತಾರೀಖಿನ ಪತ್ರ ಓದಿದ ಮೇಲೆ ನನಗೆ ನನ್ನ ಮುಖವೇ ಬೇಡವಾಯಿತು.

ಡೈನಮೋ ಚೀಲದಲ್ಲಿದೆ, ಜೊತೆಗೆ ಹೊಸ ಬೆಲ್ಟೂ ಇದೆ. ಬಲ್ಬು ಹತ್ತಿಯಲ್ಲಿ ಸುತ್ತಿ ಬೆಂಕಿಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಒಡೆದರೆ ಇರಲೆಂದು ಎರಡು.

ನಿನ್ನೆ ಚಹಾದಂಗಡಿಗೆ ಹೋಗಿದ್ದೆ. ಅವತ್ತು ಯಾರು ಯಾರು ಇದ್ದರೋ ಅವರನ್ನೆಲ್ಲ ಕರೆಸಿ ಕೂಡಿಸಿದೆ, ಅಯ್ಯಣ್ಣನನ್ನೂ ಕರೆಸಿದೆ. "ಗಾಡಿ ನನ್ನದಲ್ಲ, ನನ್ನ ಹೆಣ್ತೀದು. ಕೊಡ್ತೇನಂತ ಹೇಳಾಕ ನನಗ ಹಕ್ಕಿರಲಿಲ್ಲ. ಮಾತು ವಾಪಸ್ ತಗೊಳ್ಳಾಕತ್ತೇನಿ, ನಿಮ್ಮೆಲ್ಲರ ಮುಂದ" ಎಂದೆ. ಅಯ್ಯಣ್ಣ, "ಗಂಡಸು ಆಡಿದ ಮಾತು ನುಂಗ್ತಾನೇನಪ" ಎಂದ. "ಇದನ್ನ ನುಂಗ್ತೇನಿ" ಎಂದೆ. ಎಲ್ಲರಿಗೂ ಚಹಾ ಕುಡಿಸಿ ಬಂದೆ.

ಈಗ ಒಂದು ಮಾತು ಕೇಳುತ್ತೇನೆ. ನೀನು ಶಹಾಪುರ ಬಿಟ್ಟ ದಿನ ದಾರಿಯಲ್ಲಿ ಏನಾಯಿತು?

ಫಕ್ರು


ಕಕ್ಕೇರಾ
12 ಡಿಸೆಂಬರ್ 2023

ಸಲಾಂ.

ಬಲ್ಬು ಹಾಕಿದೆ. ಕೀಲಿ ತಿರುಗಿಸಿದರೆ ದೀಪ ಹತ್ತಿತು, ಎಂಜಿನ್ ಎದ್ದ ಕೂಡಲೇ ಆರಿತು. ಮೀಟರಿನಲ್ಲಿ ಹದಿನಾಲ್ಕು. ಬ್ಯಾಟರಿಯನ್ನು ಊರಲ್ಲೇ ಚಾರ್ಜಿಗೆ ಇಟ್ಟು ತಂದು, ಸುರಪುರದ ತನಕ ಹೋಗಿ ಬಂದೆ. ಹಾರ್ನು ಒತ್ತಿದರೆ ಎಮ್ಮೆಗಳು ದಾರಿ ಬಿಡುತ್ತಿವೆ. ನಿಮ್ಮ ಅಂಗಡಿಯ ಬೋರ್ಡು ಇರಲಿ, ಇಳಿಸಬೇಡಿ.

ಕೇಳಿದಿರಿ, ಹೇಳುತ್ತೇನೆ. ಸುರಪುರದ ಗುಡ್ಡ ಕಾಣುವ ಹೊತ್ತಿಗೆ ಕೆಂಪು ದೀಪ ಹತ್ತಿತು. ಅದು ಹತ್ತಿದರೆ ಗಾಡಿ ನಿಲ್ಲಿಸಿ ನನಗೆ ಫೋನ್ ಮಾಡು ಎಂದು ನೀವು ನೂರು ಸಲ ಹೇಳಿದ್ದಿರಿ. ನಿಲ್ಲಿಸಿದ್ದರೆ ನಿಮಗೇ ಫೋನ್ ಮಾಡಬೇಕಿತ್ತು. ಮನೆ ಬಿಟ್ಟು ಬಂದ ಒಂದು ಗಂಟೆಯಲ್ಲಿ. ನನ್ನಿಂದಾಗಲಿಲ್ಲ. ಆ ದೀಪ ನಿಮ್ಮ ಕಣ್ಣಿನ ಹಾಗೆ ನನ್ನನ್ನೇ ನೋಡುತ್ತಿತ್ತು. ಸುರಪುರ ಬಸ್ ಸ್ಟ್ಯಾಂಡಿನ ಹತ್ತಿರ ಸೀಟ್ ಕವರ್ ಹಾಕುವ ಒಬ್ಬ ಮುದುಕರು ಇದ್ದಾರೆ. "ಅಜ್ಜಾ, ಈ ದೀಪ ನನ್ನ ಕಣ್ಣಿಗಿ ಬೀಳಬಾರದು" ಎಂದೆ. ಅವರು ಬಲ್ಬು ತೆಗೆದು ನನ್ನ ಅಂಗೈಯಲ್ಲಿಟ್ಟರು. ಅದನ್ನು ನಾನು ಕಾಲುವೆಗೆ ಎಸೆದೆ.

ದಾರಿಯಲ್ಲಿ ತೊಂದರೆಯಾಗಲಿಲ್ಲ ಎಂದು ನಿಮಗೆ ಬರೆದೆ. ದೀಪ ಹತ್ತಲಿಲ್ಲ ಎಂದೂ ಬರೆದೆ. ಸುಳ್ಳಲ್ಲ, ನಿಜವೂ ಅಲ್ಲ. ದೀಪಕ್ಕೂ ಡೈನಮೋಕ್ಕೂ ಇಷ್ಟು ನಂಟಿದೆ ಎಂದು ಗೊತ್ತಿದ್ದರೆ ಹೇಳುತ್ತಿದ್ದೆನೋ ಏನೋ. ಬಹುಶಃ ಆಗಲೂ ಹೇಳುತ್ತಿರಲಿಲ್ಲ.

ಚಹಾದಂಗಡಿಯ ಸಂಗತಿಯನ್ನು ಭೀಮು ನಿಮಗಿಂತ ಚೆನ್ನಾಗಿ ಹೇಳಿದ, ಅಮ್ಮಿ ಎರಡು ಸಲ ಹೇಳಿಸಿಕೊಂಡಳು. ನನಗೆ ಅಳು ಬಂತು. ನೀವು ಪತ್ರ ಜೇಬಿನಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿ ಬಂದದ್ದಕ್ಕೆ ಸಿಟ್ಟೂ ಬಂತು. ಎರಡೂ ಒಂದೇ ದಿನ ಬಂದವು.

ಕೆಲಸ ಬಿಡುವುದಿಲ್ಲ. ಭಾನುವಾರ ಹದಿನೇಳಕ್ಕೆ ಬೆಳಿಗ್ಗೆ ಹೊರಡುತ್ತೇನೆ. ಶಹಾಪುರದಲ್ಲಿ ನಿಲ್ಲಿಸುತ್ತೇನೋ ಇಲ್ಲವೋ ನನಗೇ ಇನ್ನೂ ಗೊತ್ತಿಲ್ಲ.

ಸಾಬೇರಾ


ಶಹಾಪುರ
14 ಡಿಸೆಂಬರ್ 2023

ಸಾಬೇರಾ,

ಭಾನುವಾರ ಅಂಗಡಿ ಮುಚ್ಚಿರುತ್ತೇನೆ. ನಾನು ಬಾಗಿಲಲ್ಲಿ ನಿಂತಿದ್ದರೆ ನೀನು ನಿಲ್ಲಿಸಲೋ ಬೇಡವೋ ಎಂದು ತೊಳಲಾಡಬೇಕು, ನಿಲ್ಲಿಸದೆ ಹೋದರೆ ದಾರಿಯುದ್ದಕ್ಕೂ ಅದೇ ಗುಂಗಿನಲ್ಲಿರುತ್ತೀ. ಗಾಡಿ ಓಡಿಸುವವಳಿಗೆ ಅದು ಒಳ್ಳೆಯದಲ್ಲ. ಶಟರ್ ಮುಚ್ಚಿರುತ್ತದೆ, ನೀನು ನೆಟ್ಟಗೆ ಹೋಗು.

ಭೀಮಾ ಸೇತುವೆ ದಾಟುವಾಗ ನಿಧಾನ. ಕಬ್ಬಿನ ಟ್ರ್ಯಾಕ್ಟರುಗಳು ಹಿಂದೆ ದೀಪವಿಲ್ಲದೆ ನಿಂತಿರುತ್ತವೆ. ಬೆಲ್ಟು ಹೊಸದು, ನೂರು ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ಬಿಗಿ ಮಾಡಬೇಕು. ಅಲ್ಲಿ ಯಾರಿಂದಲಾದರೂ ಮಾಡಿಸು, ಇಲ್ಲ, ನೀನೇ ಮಾಡಿಕೊಳ್ಳುತ್ತೀ.

ನಿನಗೆ ಹೋಗಬೇಡ ಎನ್ನುವ ಹಕ್ಕು ನನಗಿಲ್ಲ ಎಂದು ಈಗ ಗೊತ್ತು. ನೀನಿಲ್ಲದೆ ಮನೆ ಬೇಸರವಾಗಿದೆ ಎನ್ನುವುದಕ್ಕೆ ಹಕ್ಕು ಬೇಕಾಗಿಲ್ಲ, ಅದನ್ನು ಹೇಳುತ್ತೇನೆ. ಭಾಳ ಬೇಸರವಾಗಿದೆ.

ಹೋಗಿ ಬಾ.

ಫಕ್ರು


ಶಹಾಪುರ, ನಿಮ್ಮ ಅಂಗಡಿಯ ಮುಂದೆ
17 ಡಿಸೆಂಬರ್ 2023

ಸಲಾಂ.

ಚೀಲ ಕಳಿಸಿದಾಗ ಭೀಮು ಹರಿದು ಕೊಟ್ಟ ಲಗೇಜು ಟಿಕೆಟ್ಟುಗಳ ಹಿಂದೆ ಬರೆಯುತ್ತಿದ್ದೇನೆ, ಅಕ್ಷರ ಸಣ್ಣದಾಗಿದೆ, ಕಷ್ಟಪಟ್ಟು ಓದಿ. ಗಾಡಿ ನಿಲ್ಲಿಸಿದ್ದೇನೆ. ಹಾರ್ನು ಎರಡು ಸಲ ಒತ್ತಿದೆ. ಪಕ್ಕದ ಅಂಗಡಿಯವರೆಲ್ಲ ಹೊರಗೆ ಬಂದರು, ನೀವೊಬ್ಬರು ಬರಲಿಲ್ಲ. ಶಟರ್ ಮುಚ್ಚಿದೆ, ಆದರೆ ಹೊರಗೆ ಬೀಗವಿಲ್ಲ. ನೀವು ಒಳಗೇ ಇದ್ದೀರಿ.

ನಾನು ತಿರುಗಿ ಬಂದಿಲ್ಲ. ನಾಳೆ ಕೆಲಸಕ್ಕೆ ಸೇರುತ್ತೇನೆ, ಅದರಲ್ಲಿ ಎರಡು ಮಾತಿಲ್ಲ. ಇವತ್ತು ಸಂಜೆಯೊಳಗೆ ಯಾದಗಿರಿಯಲ್ಲಿ ಬಾಡಿಗೆ ಮನೆ ನೋಡಬೇಕು. ಅಲ್ಲಿಂದ ಶಹಾಪುರಕ್ಕೆ ಬೆಳಿಗ್ಗೆಯಿಂದ ಬಸ್ಸುಗಳಿವೆ, ಅಂಗಡಿ ನಡೆಸುವವರು ದಿನಾ ಬಂದು ಹೋಗಬಹುದು. ನಾನು ಯಾರಿಗೂ ಮಾತು ಕೊಟ್ಟಿಲ್ಲ. ನಿಮ್ಮನ್ನು ಕೇಳಿ ಆಮೇಲೆ ಬಾಡಿಗೆ ಮನೆಯವರಿಗೆ ಹೇಳೋಣವೆಂದು ಬಂದೆ. ಒಬ್ಬಳಿಗೆ ಒಂದು ಕೋಣೆಯದು ನೋಡಲೋ, ಇಬ್ಬರಿಗೆ ಆಗುವಂಥದ್ದು ನೋಡಲೋ?

ಈ ಚೀಟಿಯನ್ನು ಶಟರಿನ ಕೆಳಗೆ ತಳ್ಳುತ್ತೇನೆ. ಎಂಜಿನ್ ಬಂದ್ ಮಾಡಿಲ್ಲ, ಪಕ್ಕದ ಸೀಟಿನ ಮೇಲಿದ್ದ ಗಂಟನ್ನು ತೆಗೆದು ಹಿಂದೆ ಡಿಕ್ಕಿಯಲ್ಲಿ ಹಾಕಿದ್ದೇನೆ. ಉತ್ತರ ಬರೆಯಬೇಡಿ. ಶಟರ್ ಎತ್ತಿ ಬಂದು ಬಾಯಿಂದಲೇ ಹೇಳಿ.

ಸಾಬೇರಾ